ತಿಪ್ಪೆಯ ಲೆಕ್ಕ: ಸಾವಯವ ಕೃಷಿ ಯಾವ ಬೆಳೆಗೆ ಲಾಭ, ಯಾರಿಗೆ ನಷ್ಟ

ಸಾವಯವ ಕೃಷಿಯ ಬಗ್ಗೆ ದಾವಣಗೆರೆಯಲ್ಲಿ ನಡೆಯುವ ಯಾವ ಕಾರ್ಯಾಗಾರಕ್ಕೆ ಹೋದರೂ ಎರಡು ಮಾತು ಕಿವಿಗೆ ಬೀಳುತ್ತವೆ. ವೇದಿಕೆಯ ಮೇಲಿರುವವರು ‘ಖರ್ಚಿಲ್ಲದ ಬೇಸಾಯ’ ಎನ್ನುತ್ತಾರೆ. ಊಟದ ಸಾಲಿನಲ್ಲಿ ನಿಂತ ರೈತರು ‘ಇಳುವರಿ ಬರುವುದಿಲ್ಲ’ ಎನ್ನುತ್ತಾರೆ. ಎರಡೂ ಕಡೆಯವರು ಒಂದು ವಿಷಯದಲ್ಲಿ ಮಾತ್ರ ಒಂದೇ: ಯಾವ ಬೆಳೆ, ಯಾವ ತಾಲ್ಲೂಕು ಎಂದು ಯಾರೂ ಹೇಳುವುದಿಲ್ಲ.

ಅದನ್ನು ಹೇಳದೆ ಈ ಚರ್ಚೆಗೆ ಅರ್ಥವಿಲ್ಲ. ಚನ್ನಗಿರಿಯ ಅಡಿಕೆ ತೋಟ, ಜಗಳೂರಿನ ಮೆಕ್ಕೆಜೋಳದ ಹೊಲ, ಹರಿಹರದ ಭತ್ತದ ಗದ್ದೆ, ಹೊಸದುರ್ಗದ ಸಾಮೆ ಹೊಲ ಇವೆಲ್ಲ ಅಕ್ಕಪಕ್ಕದ ದಾವಣಗೆರೆ, ಚಿತ್ರದುರ್ಗ ಎಂಬ ಎರಡು ಜಿಲ್ಲೆಗಳಲ್ಲೇ ಇವೆ. ಆದರೂ ಸಾವಯವದ ಲೆಕ್ಕ ಹಾಕಿದರೆ ನಾಲ್ಕಕ್ಕೂ ನಾಲ್ಕು ಬೇರೆ ಉತ್ತರ ಬರುತ್ತದೆ. ಈ ವ್ಯತ್ಯಾಸದ ಬಹುಪಾಲು ಶ್ರದ್ಧೆಯಿಂದಲೋ ಅಸಡ್ಡೆಯಿಂದಲೋ ಬಂದದ್ದಲ್ಲ, ಗೊಬ್ಬರ ಎಲ್ಲಿಂದ ಬರುತ್ತದೆ ಎನ್ನುವುದರಿಂದ ಬಂದದ್ದು.

ಮೊದಲು ಮೆಕ್ಕೆಜೋಳವನ್ನೇ ತೆಗೆದುಕೊಳ್ಳೋಣ. ದಾವಣಗೆರೆಯ ಮಳೆಯಾಶ್ರಿತ ಭೂಮಿಯನ್ನು ಆಳುತ್ತಿರುವ ಬೆಳೆ ಅದು. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಹೆಕ್ಟೇರಿಗೆ 100 ಕೆ.ಜಿ. ಸಾರಜನಕ ಕೊಡಬೇಕೆಂಬುದು ಕೃಷಿ ವಿಶ್ವವಿದ್ಯಾಲಯದ ಶಿಫಾರಸು, ಅಂದರೆ ಎಕರೆಗೆ 40 ಕೆ.ಜಿ. ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕ ಇರುವುದರಿಂದ 45 ಕೆ.ಜಿ.ಯ ಎರಡು ಚೀಲ ಹಾಕಿದರೆ ಲೆಕ್ಕ ಸರಿಹೋಯಿತು. ಚೀಲಕ್ಕೆ ನಿಗದಿಯಾದ ಬೆಲೆ ಸುಮಾರು 266 ರೂಪಾಯಿ, ಎರಡಕ್ಕೆ 532. (ಆ ಬೆಲೆಗೆ ಸಿಗುತ್ತದೆಯೇ, ಜೊತೆಗೆ ಬೇಡದ ಇನ್ನೊಂದು ಬಾಟಲಿಯನ್ನೂ ಕಟ್ಟುತ್ತಾರೆಯೇ ಎಂಬುದು ಬೇರೆ ಕಥೆ. 2025ರ ಮುಂಗಾರಿನಲ್ಲಿ ಗೊಬ್ಬರದ ಅಂಗಡಿಗಳ ಮುಂದೆ ಸಾಲು ನಿಂತವರಿಗೆ ಅದು ಗೊತ್ತು.)

ಇದೇ 40 ಕೆ.ಜಿ. ಸಾರಜನಕವನ್ನು ಕೊಟ್ಟಿಗೆ ಗೊಬ್ಬರದಿಂದ ಕೊಡಬೇಕೆಂದುಕೊಳ್ಳಿ. ಚೆನ್ನಾಗಿ ಕಳಿತ ಗೊಬ್ಬರದಲ್ಲೂ ಸಾರಜನಕ ಇರುವುದು ಸುಮಾರು ಶೇ ಅರ್ಧ. ಹಾಗಾಗಿ ಬೇಕಾಗುವುದು ಎಂಟು ಟನ್. ಟ್ರ್ಯಾಕ್ಟರ್ ಟ್ರೇಲರಿಗೆ ಎರಡೂವರೆಯಿಂದ ಮೂರು ಟನ್ ಹಿಡಿಯುತ್ತದೆ ಎಂದರೆ ಮೂರು ಲೋಡ್. ಲೋಡಿಗೆ ಮೂರೂವರೆ ಸಾವಿರ ಎಂದು ಹಿಡಿದರೂ ಹತ್ತು ಸಾವಿರ ದಾಟಿತು. ತುಂಬುವ, ಇಳಿಸುವ, ಹೊಲದ ತುಂಬ ಹರಡುವ ಕೂಲಿ ಇದರ ಮೇಲೆ. ಇಷ್ಟಾದರೂ ಆ ಸಾರಜನಕವೆಲ್ಲ ಮೊದಲ ವರ್ಷವೇ ಬೆಳೆಗೆ ದಕ್ಕುವುದಿಲ್ಲ. ಸುಮಾರು ಮೂರನೇ ಒಂದು ಪಾಲು ಮಾತ್ರ ಆ ಹಂಗಾಮಿಗೆ ಸಿಗುತ್ತದೆ, ಉಳಿದದ್ದು ಮಣ್ಣಿನಲ್ಲಿ ನಿಧಾನವಾಗಿ ಬಿಡುಗಡೆಯಾಗುತ್ತದೆ.

ಐನೂರು ರೂಪಾಯಿ ಎಲ್ಲಿ, ಹತ್ತು ಸಾವಿರ ಎಲ್ಲಿ. ರಸಗೊಬ್ಬರದ ಪರ ವಾದಿಸುವವರು ಇಲ್ಲಿಗೇ ಲೆಕ್ಕ ಮುಗಿಸಿಬಿಡುತ್ತಾರೆ. ಆದರೆ 266 ರೂಪಾಯಿ ಯೂರಿಯಾದ ನಿಜವಾದ ಬೆಲೆಯೇ ಅಲ್ಲ. 2022ರಲ್ಲಿ ಅಂತರರಾಷ್ಟ್ರೀಯ ಬೆಲೆ ಏರಿದಾಗ ಒಂದು ಚೀಲಕ್ಕೆ ಎರಡು ಸಾವಿರ ರೂಪಾಯಿಗೂ ಹೆಚ್ಚು ಬೀಳುತ್ತಿದೆ ಎಂದು ಕೇಂದ್ರ ಸರ್ಕಾರವೇ ಹೇಳಿಕೊಂಡಿತ್ತು. ಆ ವರ್ಷ ದೇಶದ ರಸಗೊಬ್ಬರ ಸಬ್ಸಿಡಿ ಎರಡೂವರೆ ಲಕ್ಷ ಕೋಟಿ ರೂಪಾಯಿ ಮುಟ್ಟಿತು. ಚೀಲದ ಬೆಲೆಯನ್ನು ಸರ್ಕಾರ ಹಿಡಿದಿಟ್ಟಿದೆ, ತಿಪ್ಪೆಯ ಬೆಲೆಯನ್ನು ಹಿಡಿದಿಡುವವರು ಯಾರೂ ಇಲ್ಲ. ಹಾಗಾಗಿ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ‘ಸಾವಯವ ದುಬಾರಿ’ ಎನ್ನುವುದು ಅರ್ಧ ಸತ್ಯ.

ಉಳಿದರ್ಧವನ್ನೂ ಹೇಳಬೇಕಲ್ಲ. ಸಬ್ಸಿಡಿ ತೆಗೆದು, ಯೂರಿಯಾಕ್ಕೆ ಪೂರ್ತಿ ಬೆಲೆ ಕಟ್ಟಿದರೂ ಎರಡು ಚೀಲಕ್ಕೆ ನಾಲ್ಕೈದು ಸಾವಿರವಾಗುತ್ತದೆ. ಎಂಟು ಟನ್ ಕೊಟ್ಟಿಗೆ ಗೊಬ್ಬರ ತನ್ನ ಜೊತೆಗೆ ರಂಜಕ, ಪೊಟ್ಯಾಷ್, ಲಘು ಪೋಷಕಾಂಶಗಳನ್ನೂ ತರುತ್ತದೆ. ನೀರು ಹಿಡಿದಿಡುವ ಸಾವಯವ ಇಂಗಾಲವನ್ನು ತರುತ್ತದೆ, ಅದು ಯಾವ ಚೀಲದಲ್ಲೂ ಬರುವುದಿಲ್ಲ. ಅವಕ್ಕೆಲ್ಲ ಬೆಲೆ ಕಟ್ಟಿದರೆ ಅಂತರ ಕಡಿಮೆಯಾಗುತ್ತದೆ, ಅಳಿಯುವುದಿಲ್ಲ. ಗೊಬ್ಬರವನ್ನು ಹಣ ಕೊಟ್ಟು ತಂದು ಸಾವಯವ ಮೆಕ್ಕೆಜೋಳ ಬೆಳೆಯಹೊರಟವರು ಮೊದಲ ವರ್ಷಗಳಲ್ಲಿ ಕೈ ಸುಟ್ಟುಕೊಳ್ಳುತ್ತಾರೆ. ಇದನ್ನು ಮುಚ್ಚಿಡುವುದರಿಂದ ಸಾವಯವಕ್ಕೆ ಉಪಕಾರವೇನೂ ಆಗುವುದಿಲ್ಲ.

ಹಾಗಾದರೆ ಗೊಬ್ಬರವನ್ನು ಮನೆಯಲ್ಲೇ ಮಾಡಿಕೊಂಡರೆ? ಒಂದು ಹಸು ದಿನಕ್ಕೆ ಸುಮಾರು ಹತ್ತು ಕೆ.ಜಿ. ಸಗಣಿ ಹಾಕುತ್ತದೆ, ವರ್ಷಕ್ಕೆ ಮೂರೂವರೆ ಟನ್ನಿನಷ್ಟು. ಕಳಿತು ಗೊಬ್ಬರವಾಗುವಾಗ ತೂಕ ಅರ್ಧದಷ್ಟಾಗುತ್ತದೆ. ಕಸಕಡ್ಡಿ, ಗಂಜಲ, ತಿಂದು ಉಳಿದ ಸಪ್ಪೆ (ಒಣ ದಂಟು) ಎಲ್ಲ ಸೇರಿಸಿದರೂ ಎಕರೆಗೆ ಎಂಟು ಟನ್ ಆಗಬೇಕಾದರೆ ನಾಲ್ಕು ರಾಸು ಬೇಕು. ಐದು ಎಕರೆಗೆ ಇಪ್ಪತ್ತು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಜೋಡಿಯನ್ನೇ ಮಾರಿದ ಮನೆಗಳಲ್ಲಿ ಇಪ್ಪತ್ತು ರಾಸಿನ ಮಾತು ಎಲ್ಲಿಂದ ಬರಬೇಕು.

ಇಲ್ಲಿಗೆ ಜೀವಾಮೃತ ಬರುತ್ತದೆ. ಶೂನ್ಯ ಬಂಡವಾಳ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರ್ ಅವರ ಪದ್ಧತಿಯಲ್ಲಿ 200 ಲೀಟರ್ ನೀರಿಗೆ ಹತ್ತು ಕೆ.ಜಿ. ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಒಂದು ದೇಸಿ ಹಸುವಿದ್ದರೆ ಮೂವತ್ತು ಎಕರೆಗೆ ಸಾಕು ಎಂಬುದು ಅವರ ಮಾತು. 2018ರಲ್ಲಿ ಕರ್ನಾಟಕ ಸರ್ಕಾರ ಶೂನ್ಯ ಬಂಡವಾಳ ಕೃಷಿಗೆ ಬಜೆಟ್ಟಿನಲ್ಲಿ 50 ಕೋಟಿ ರೂಪಾಯಿ ಇಟ್ಟದ್ದೂ ಇದೇ ಭರವಸೆಯ ಮೇಲೆ. ಹತ್ತು ಕೆ.ಜಿ. ಹಸಿ ಸಗಣಿಯಲ್ಲಿ ಇರುವ ಸಾರಜನಕ ಗ್ರಾಂಗಳ ಲೆಕ್ಕದ್ದು. ‘ಜೀವಾಮೃತ ಗೊಬ್ಬರವಲ್ಲ, ಸೂಕ್ಷ್ಮಜೀವಿಗಳ ಹೆಪ್ಪು’ ಎಂದು ಅದರ ಪರವಾಗಿರುವವರು ಹೇಳುತ್ತಾರೆ. ಒಪ್ಪೋಣ. ಆದರೆ ಇಪ್ಪತ್ತು ಕ್ವಿಂಟಲ್ ಮೆಕ್ಕೆಜೋಳ ಹೊಲದಿಂದ ಆಚೆ ಹೋದರೆ ಕಾಳಿನೊಳಗೇ ಸುಮಾರು 30 ಕೆ.ಜಿ. ಸಾರಜನಕ ಹೋಯಿತು. ಸಪ್ಪೆಯನ್ನೂ ಮೇವಿಗೆ ಮಾರಿದರೆ ಇನ್ನಷ್ಟು. ಅದು ಎಲ್ಲಿಂದಲಾದರೂ ವಾಪಸ್ ಬರಲೇಬೇಕು.

ಹಿಂದಿನವರು ಅದನ್ನು ಅಕ್ಕಡಿಯಿಂದ ತರುತ್ತಿದ್ದರು. ಜೋಳದ ನಡುವೆ ತೊಗರಿ, ಅಲಸಂದೆ, ಅವರೆಯ ಸಾಲು ಬಿಟ್ಟರೆ ಅವುಗಳ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತಿದ್ದವು. ನೈಸರ್ಗಿಕ ಕೃಷಿಯನ್ನು ಪ್ರಾಮಾಣಿಕವಾಗಿ ಮಾಡುವವರು ಇಂದಿಗೂ ಮಾಡುವುದು ಇದನ್ನೇ. ಅಂದ ಮೇಲೆ ಅವರು ಮೆಕ್ಕೆಜೋಳವನ್ನು ಕಡಿಮೆ ಮಾಡಿ ದ್ವಿದಳ ಧಾನ್ಯ ಹೆಚ್ಚಿಸಿದ್ದಾರೆ. ಅಂಥವರ ಹೊಲವನ್ನು ಪಕ್ಕದ ಪೂರ್ತಿ ಮೆಕ್ಕೆಜೋಳದ ಹೊಲಕ್ಕೆ ‘ಎಕರೆಗೆ ಎಷ್ಟು ಕ್ವಿಂಟಲ್ ಮೆಕ್ಕೆಜೋಳ’ ಎಂದು ಹೋಲಿಸುವುದು ಅವರಿಗೂ ಅನ್ಯಾಯ, ಲೆಕ್ಕಕ್ಕೂ ಅನ್ಯಾಯ. ಒಟ್ಟು ಹೊಲದ ಆದಾಯವನ್ನು ಹೋಲಿಸಬೇಕು.

ಎರಡು ಜಿಲ್ಲೆಗಳ ಗೊಬ್ಬರ ಎಲ್ಲಿ ಹೋಯಿತು ಎಂಬುದನ್ನು ಹುಡುಕಿದರೆ ಚಳ್ಳಕೆರೆ ಕಡೆಗೆ ಹೋಗಬೇಕು. ಕೃಷಿಭೂಮಿಯ ಸುತ್ತ ಹುಲ್ಲುಗಾವಲು ಇದ್ದದ್ದರಿಂದಲೇ ಇಲ್ಲಿ ದನ-ಕುರಿ ಸಾಕಣೆ ನಡೆಯಿತು, ದನಗಾಹಿ ಸಮುದಾಯವಾದ ಮ್ಯಾಸನಾಯಕರ ದೇವರ ಎತ್ತುಗಳು ಉಳಿದವು. ಅಮೃತ ಮಹಲ್ ಕಾವಲು ಎಂಬ ಆ ಹುಲ್ಲುಗಾವಲಿನ ಸುಮಾರು ಹತ್ತು ಸಾವಿರ ಎಕರೆ 2008ರಿಂದೀಚೆಗೆ ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಅಲ್ಲಿ ಎದ್ದ ಕುದಾಪುರದ ವಿಜ್ಞಾನ ನಗರಿ ಬೇಕೋ ಬೇಡವೋ ಎಂಬ ವಾದ ಇಲ್ಲಿ ಬೇಡ. ಆದರೆ ಬೇಲಿಯ ಒಳಗೆ ಹೋದದ್ದು ಬರಿಯ ಬಯಲಲ್ಲ. ಸುತ್ತಲಿನ ಹಳ್ಳಿಗಳ ಹೊಲಕ್ಕೆ ಪೋಷಕಾಂಶ ಹೊತ್ತು ತರುತ್ತಿದ್ದ ಜಾನುವಾರುಗಳ ಮೇವು ಅದು.

ಕುರಿಗಳದ್ದು ಇನ್ನೊಂದು ಲೆಕ್ಕ. ಬೆಳೆ ಕೊಯ್ದ ಹೊಲದಲ್ಲಿ ಕುರಿ ತರುಬಿಸುವುದು ಈ ಸೀಮೆಯ ಹಳೆಯ ಪದ್ಧತಿ. ಮಂದೆಯನ್ನು ರಾತ್ರಿ ಹೊಲದಲ್ಲಿ ನಿಲ್ಲಿಸಿದರೆ ಹಿಕ್ಕೆ, ಗಂಜಲ ಎರಡೂ ನೇರವಾಗಿ ಮಣ್ಣಿಗೆ ಬೀಳುತ್ತವೆ. ಸಾಗಣೆಯ ಖರ್ಚಿಲ್ಲ, ಹರಡುವ ಕೂಲಿಯಿಲ್ಲ. ಕುರಿಗಾಹಿಗೆ ರಾತ್ರಿಯ ಲೆಕ್ಕದಲ್ಲಿ ಹಣ ಅಥವಾ ಕಾಳು. ನನ್ನನ್ನು ಕೇಳಿದರೆ ಮಳೆಯಾಶ್ರಿತ ಹೊಲಕ್ಕೆ ಇದಕ್ಕಿಂತ ಅಗ್ಗದ ಸಾವಯವ ಗೊಬ್ಬರ ಇಲ್ಲ. ಕೃಷಿ ಇಲಾಖೆಯ ಯೋಜನೆಗಳು ಎರೆಹುಳು ತೊಟ್ಟಿಗೆ ಹಣ ಕೊಡುವ ಉತ್ಸಾಹದಲ್ಲಿ ಇದರತ್ತ ಕಣ್ಣೆತ್ತಿ ನೋಡುವುದಿಲ್ಲ. ಹಳ್ಳಿಗಳಲ್ಲಿ ಎರೆಹುಳು ತೊಟ್ಟಿಗಳು ಈಗ ಯಾವುದಕ್ಕೆ ಬಳಕೆಯಾಗುತ್ತಿವೆ ಎಂದು ನೋಡಿದವರಿಗೆ ಗೊತ್ತು, ಸೌದೆ ಒಟ್ಟುವುದಕ್ಕೆ.

ಈ ಕುರಿ ಗೊಬ್ಬರ ಬಯಲುಸೀಮೆಯಲ್ಲೇ ಉಳಿಯುವುದೂ ಇಲ್ಲ. ಲಾರಿಗಳಲ್ಲಿ ತುಂಬಿ ಮಲೆನಾಡಿನ ಕಾಫಿ, ಅಡಿಕೆ ತೋಟಗಳಿಗೆ ಹೋಗುತ್ತದೆ. ಹೆಚ್ಚು ಬೆಲೆ ಕೊಡುವವರಿಗೆ ಮಾಲು ಹೋಗುತ್ತದೆ, ಅದರಲ್ಲಿ ತಪ್ಪು ಹುಡುಕುವಂತಿಲ್ಲ. ಕುರಿಗಾಹಿಯ ಹೊಟ್ಟೆಪಾಡೂ ಅದೇ. ಆದರೆ ತೋಟದಲ್ಲಿ ‘ಸಾವಯವ’ ಎಂದು ನಡೆಯುವುದರ ಒಂದು ಪಾಲು ಬಯಲು ಹೊಲಗಳ ಫಲವತ್ತತೆಯನ್ನು ಕೊಂಡು ತಂದದ್ದು ಎಂಬುದನ್ನು ಒಪ್ಪಿಕೊಳ್ಳಬೇಕು.

ಅಡಿಕೆಗೆ ಆ ಶಕ್ತಿ ಇದೆ. ಕ್ವಿಂಟಲ್ ರಾಶಿ ಅಡಿಕೆ ಅರ್ಧ ಲಕ್ಷ ರೂಪಾಯಿ ದಾಟಿದ ಕಾಲದಲ್ಲಿ ಚನ್ನಗಿರಿ, ಹೊಳಲ್ಕೆರೆಯ ತೋಟದವರಿಗೆ ಹತ್ತು ಲೋಡ್ ಗೊಬ್ಬರ, ಕೆರೆ ಗೋಡು (ಹೂಳು ಮಣ್ಣು) ಹೊಡೆಸುವುದು ಭಾರವಲ್ಲ. ಅದಕ್ಕಿಂತ ಮುಖ್ಯವಾದದ್ದು ಬೆಳೆಯ ಸ್ವಭಾವ. ತೋಟದಿಂದ ಹೊರಹೋಗಬೇಕಾದದ್ದು ಬರೀ ಅಡಿಕೆ. ಸೋಗೆ, ಹಾಳೆ, ಸಿಪ್ಪೆ ಎಲ್ಲವೂ ಬುಡಕ್ಕೇ ಮರಳಬಹುದು. ಮುಚ್ಚಿಗೆ ಹಾಕಿದರೆ ಕಳೆ ಕಡಿಮೆ, ನೀರು ಕಡಿಮೆ. ಮರಗಳ ನಡುವೆ ಬಾಳೆ, ಮೆಣಸು, ಕೋಕೊ ಇಟ್ಟವರಿಗೆ ಎಲೆಯ ಕಸವೂ ಸಿಗುತ್ತದೆ. ಹೀಗೆ ನಡೆಸಿದ ತೋಟದಲ್ಲಿ ರಸಗೊಬ್ಬರ ಬಿಟ್ಟರೂ ಇಳುವರಿ ದೊಡ್ಡದಾಗಿ ಕುಸಿಯುವುದಿಲ್ಲ, ಖರ್ಚು ಮಾತ್ರ ಇಳಿಯುತ್ತದೆ. ಈ ಭಾಗದಲ್ಲಿ ಸಾವಯವದ ಲೆಕ್ಕ ಸಲೀಸಾಗಿ ಕೂಡುವ ದೊಡ್ಡ ಬೆಳೆ ಇದೊಂದೇ ಎನ್ನಬಹುದು. ವಿಚಿತ್ರವೆಂದರೆ ಹಂಗಾಮಿನಲ್ಲಿ ಇದೇ ತಾಲ್ಲೂಕುಗಳ ರಸ್ತೆ ಬದಿಯಲ್ಲಿ ಅಡಿಕೆ ಸಿಪ್ಪೆಯ ರಾಶಿಗೆ ಬೆಂಕಿ ಹಚ್ಚಿ ಹೊಗೆ ಎಬ್ಬಿಸುತ್ತಾರೆ. ಅದೇ ತೋಟಕ್ಕೆ ಚಳ್ಳಕೆರೆಯಿಂದ ಗೊಬ್ಬರದ ಲಾರಿ ಬರುತ್ತದೆ.

ಅಡಿಕೆಯಲ್ಲಿ ಸಿಗದಿರುವುದು ಸಾವಯವಕ್ಕೆಂದು ಹೆಚ್ಚುವರಿ ಬೆಲೆ. ಭೀಮಸಮುದ್ರದ ಮಾರುಕಟ್ಟೆಯಿರಲಿ, ಚನ್ನಗಿರಿಯದಿರಲಿ, ಧಾರಣೆ ಪಟ್ಟಿಯಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ದರ್ಜೆಗಳ ಸಾಲುಗಳಿವೆ. ಸಾವಯವ ಎಂಬ ಸಾಲಿಲ್ಲ. ವರ್ತಕರು ನೋಡುವುದು ಅಡಿಕೆಯ ಬಣ್ಣ, ಗಾತ್ರ, ಒಣಗಿನ ಹದ. ಬುಡಕ್ಕೆ ಏನು ಹಾಕಿದ್ದಾರೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಸಾವಯವದ ಅರ್ಥಶಾಸ್ತ್ರದಲ್ಲಿ ಗೊಬ್ಬರ ಮೊದಲನೆಯ ಗಂಟಾದರೆ ಇದು ಎರಡನೆಯದು. 2015ರಲ್ಲಿ ಅಮೆರಿಕದ ಡೇವಿಡ್ ಕ್ರೌಡರ್ ಮತ್ತು ಜಾನ್ ರೆಗನಾಲ್ಡ್ ಎಂಬ ವಿಜ್ಞಾನಿಗಳು 14 ದೇಶಗಳ, 55 ಬೆಳೆಗಳ, ನಲವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಹೆಚ್ಚುವರಿ ಬೆಲೆ ಸಿಕ್ಕಾಗ ಸಾವಯವ ಕೃಷಿ ಶೇ 22ರಿಂದ 35ರಷ್ಟು ಹೆಚ್ಚು ಲಾಭ ಕೊಟ್ಟಿತ್ತು. ಆ ಹೆಚ್ಚುವರಿ ಬೆಲೆ ತೆಗೆದುಬಿಟ್ಟರೆ ರಾಸಾಯನಿಕ ಬಳಸುವ ಕೃಷಿಗಿಂತ ಹಿಂದೆ ಬಿತ್ತು. ಸಮಕ್ಕೆ ಬರಲು ಬೇಕಾದದ್ದು ಶೇ 5ರಿಂದ 7ರಷ್ಟು ಹೆಚ್ಚಿನ ಬೆಲೆ ಮಾತ್ರ. ಆ ಅಧ್ಯಯನಗಳಲ್ಲಿ ಸಿಗುತ್ತಿದ್ದದ್ದು ಶೇ 30ರ ಆಸುಪಾಸು. ಕೂಲಿಯ ಖರ್ಚು ಶೇ 7ರಿಂದ 13ರಷ್ಟು ಹೆಚ್ಚಿತ್ತು.

ಶೇ 5 ಎಂದರೆ ಸಣ್ಣ ಮಾತಿನಂತೆ ಕಾಣುತ್ತದೆ. ಆದರೆ ದಾವಣಗೆರೆಯ ಮೆಕ್ಕೆಜೋಳ ಹೋಗುವುದು ಕೋಳಿ ಆಹಾರಕ್ಕೆ, ಸ್ಟಾರ್ಚ್ ಕಾರ್ಖಾನೆಗೆ, ಈಚೆಗೆ ಎಥೆನಾಲಿಗೆ. ಕೋಳಿಗೆ ಸಾವಯವ ಮೆಕ್ಕೆಜೋಳವೇ ಆಗಬೇಕು ಎನ್ನುವ ಗಿರಾಕಿ ಇಲ್ಲಿಲ್ಲ. ಹೆಚ್ಚುವರಿ ಬೆಲೆ ಇರಲಿ, 2025–26ಕ್ಕೆ ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದಾಗಲೂ ಕೊಯ್ಲಿನ ಹೊತ್ತಿಗೆ ರೈತರು ನೂರಾರು ರೂಪಾಯಿ ಕಡಿಮೆಗೆ ಮಾರಿ ಬೀದಿಗಿಳಿಯಬೇಕಾಯಿತು. ಇದರ ಮೇಲೆ ಫಾಲ್ ಸೈನಿಕ ಹುಳುವಿನ ಕಾಟ. 2018ರಲ್ಲಿ ದೇಶದಲ್ಲೇ ಮೊದಲು ಕರ್ನಾಟಕದಲ್ಲಿ ಕಾಣಿಸಿಕೊಂಡ ಈ ಹುಳುವಿಗೆ ಸಾವಯವ ಕೃಷಿಕರು ಬೇವಿನ ಕಷಾಯ ಹೊಡೆಯಬೇಕು, ಇಲ್ಲವೇ ಗಿಡಗಿಡದ ಸುಳಿಗೆ ಮರಳು, ಬೂದಿ ಹಾಕಿಸಬೇಕು. ಕಳೆಗೆ ಅಟ್ರಾಜಿನ್ ಹೊಡೆದರೆ ನೂರರ ಲೆಕ್ಕದಲ್ಲಿ ಮುಗಿಯುವ ಕೆಲಸಕ್ಕೆ ಎಡೆ ಕುಂಟೆ ಹೊಡೆದ ಮೇಲೂ ಎಂಟು-ಹತ್ತು ಆಳು ಬೇಕು. 2025–26ರ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ, ಆ ದರದಲ್ಲೇ ಹಿಡಿದರೂ ಮೂರು-ಮೂರೂವರೆ ಸಾವಿರದ ಆಸುಪಾಸು ಆಯಿತು. ಕೂಲಿಯಿಲ್ಲದೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ದುಡಿಯುವ ಮುಯ್ಯಾಳಿನ ಕಾಲ ಹೋಗಿದೆ. ‘ನಮ್ಮ ಮನೆಯವರೇ ಕಳೆ ತೆಗೆಯುತ್ತೇವೆ, ಖರ್ಚಿಲ್ಲ’ ಎನ್ನುವವರು ಮನೆಯ ಹೆಂಗಸರ ದುಡಿಮೆಗೆ ಸೊನ್ನೆ ಬೆಲೆ ಕಟ್ಟುತ್ತಿದ್ದಾರೆ. ಬೆಂಬಲ ಬೆಲೆ ಲೆಕ್ಕ ಹಾಕುವ ಸರ್ಕಾರದ ಆಯೋಗ ಕೂಡ ಕುಟುಂಬದ ದುಡಿಮೆಯನ್ನು ಖರ್ಚಿನಲ್ಲಿ ಸೇರಿಸುತ್ತದೆ, ಶೂನ್ಯ ಬಂಡವಾಳದ ಭಾಷಣಗಳಲ್ಲಿ ಅದು ಸೇರುವುದಿಲ್ಲ.

ಭತ್ತದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ನೀರು ಗದ್ದೆಯಿಂದ ಗದ್ದೆಗೆ ಹರಿಯುತ್ತದೆ, ಮೇಲಿನವರ ಯೂರಿಯಾ, ಔಷಧ ಕೆಳಗಿನವರ ಗದ್ದೆಗೆ ಕೇಳದೆ ಬರುತ್ತದೆ. ಇಡೀ ಉಪಕಾಲುವೆಯವರು ಒಟ್ಟಾಗದೆ ಒಬ್ಬಿಬ್ಬರು ಸಾವಯವ ಭತ್ತ ಬೆಳೆದರೆ ಸಾವಯವ ಪ್ರಮಾಣಪತ್ರದ ಮಾತೇ ಏಳುವುದಿಲ್ಲ. ಹಿರಿಯೂರು, ಹೊಸದುರ್ಗದ ದಾಳಿಂಬೆಯಲ್ಲಂತೂ ದುಂಡಾಣು ಅಂಗಮಾರಿ ಬಂದ ಮೇಲೆ ಸಾವಯವ ಎನ್ನುವ ಧೈರ್ಯ ಮಾಡುವವರು ಕಡಿಮೆ.

ಚಿತ್ರದುರ್ಗದ ಒಣಭೂಮಿಗೆ ಬಂದರೆ ಲೆಕ್ಕ ತಿರುಗುತ್ತದೆ. ಹೊಸದುರ್ಗದ ಸಾಮೆ, ನವಣೆ, ಕೊರಲೆಯ ಹೊಲಗಳಿಗೆ ಯೂರಿಯಾ ಹಾಕುವವರೇ ವಿರಳ. ಶೇಂಗಾ ತನ್ನ ಸಾರಜನಕವನ್ನು ಬಹುಮಟ್ಟಿಗೆ ತಾನೇ ದುಡಿದುಕೊಳ್ಳುತ್ತದೆ. ಇಲ್ಲಿ ಇಳುವರಿಗಿಂತ ದೊಡ್ಡ ಪ್ರಶ್ನೆ ಮಳೆಯದ್ದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷದಲ್ಲಿ ಬೀಜ, ಗೊಬ್ಬರ, ಔಷಧಕ್ಕೆಂದು ಎಕರೆಗೆ ಇಪ್ಪತ್ತು ಸಾವಿರ ಸಾಲ ತಂದು ಹಾಕಿದವರು ಇಪ್ಪತ್ತು ಸಾವಿರವನ್ನೂ ಕಳೆದುಕೊಳ್ಳುತ್ತಾರೆ, ನಾಲ್ಕು ಸಾವಿರ ಹಾಕಿದವರು ನಾಲ್ಕನ್ನು. ಒಳ್ಳೆಯ ಮಳೆಯ ವರ್ಷದ ಲಾಭವನ್ನು ಮಾತ್ರ ಹೋಲಿಸುವ ಅಂಕಿಪಟ್ಟಿಗಳಲ್ಲಿ ಇದು ಕಾಣುವುದೇ ಇಲ್ಲ. ಐದು ವರ್ಷದ ಸರಾಸರಿ ತೆಗೆದು, ಕೈಸಾಲದ ಬಡ್ಡಿಯನ್ನೂ ಸೇರಿಸಿದರೆ ಚಳ್ಳಕೆರೆ, ಮೊಳಕಾಲ್ಮುರಿನಲ್ಲಿ ಕಡಿಮೆ ಖರ್ಚಿನ ಬೇಸಾಯವೇ ಗೆಲ್ಲುತ್ತದೆ ಎಂಬುದು ನನ್ನ ತೀರ್ಮಾನ. ಸಾವಯವದ ದೊಡ್ಡ ಆರ್ಥಿಕ ಗುಣ ಇರುವುದು ನಷ್ಟವನ್ನು ಚಿಕ್ಕದಾಗಿಸುವುದರಲ್ಲಿ. ಪ್ರಚಾರ ಮಾಡುವವರು ಇಳುವರಿಯ ದಾಖಲೆಗಳ ಹಿಂದೆ ಬಿದ್ದು ಇದನ್ನೇ ಹೇಳಲು ಮರೆಯುತ್ತಾರೆ.

ಆದರೆ ಸಿರಿಧಾನ್ಯದ ಲಾಭ ಹೊಲದಲ್ಲಿ ಉಳಿಯುವುದಿಲ್ಲ. ಕೇಂದ್ರದ ಬೆಂಬಲ ಬೆಲೆ ಪಟ್ಟಿಯಲ್ಲಿ ಜೋಳ, ಸಜ್ಜೆ, ರಾಗಿ ಇವೆ. ಸಾಮೆ, ನವಣೆ, ಕೊರಲೆ ಇಲ್ಲ. ರೈತರು ಮಾರುವುದು ಸಿಪ್ಪೆಯಿರುವ ಕಾಳನ್ನು. ಗ್ರಾಹಕರು ಕೊಳ್ಳುವುದು ಅದರ ಸಿಪ್ಪೆ ಸುಲಿದ ಅಕ್ಕಿಯನ್ನು. ಒಂದು ಕ್ವಿಂಟಲ್ ಸಾಮೆಯಿಂದ ಅರವತ್ತು ಕೆ.ಜಿ. ಆಸುಪಾಸು ಅಕ್ಕಿ ಬರುತ್ತದೆ, ಬೆಲೆ ಎರಡು-ಮೂರು ಪಟ್ಟು ಏರುವುದು ಈ ಗಿರಣಿಯ ಹಂತದಲ್ಲೇ. ರಾಜ್ಯದ ರೈತಸಿರಿ ಯೋಜನೆ ಸಿರಿಧಾನ್ಯ ಬೆಳೆಯಲು ಹೆಕ್ಟೇರಿಗೆ 10 ಸಾವಿರ ರೂಪಾಯಿ ಕೊಟ್ಟಿತು. ಬಿತ್ತುವುದಕ್ಕೆ ಕೊಡುವ ಬದಲು ಸಿಪ್ಪೆ ಸುಲಿಯುವ ಯಂತ್ರಕ್ಕೆ, ಶುಚಿಮಾಡಿ ಚೀಲ ಕಟ್ಟುವ ಸಹಕಾರ ಸಂಘಕ್ಕೆ ಕೊಟ್ಟಿದ್ದರೆ ಹೊಸದುರ್ಗದ ಹಳ್ಳಿಗಳಲ್ಲಿ ಹಣ ಉಳಿಯುತ್ತಿತ್ತು. ರೈತರ ಗುಂಪುಗಳೇ ಪರಸ್ಪರ ಪರಿಶೀಲಿಸಿ ಪ್ರಮಾಣೀಕರಿಸುವ ಪಿಜಿಎಸ್ ವ್ಯವಸ್ಥೆ ದೇಶದಲ್ಲಿದೆ. ಮೊದಲೇ ರಸಗೊಬ್ಬರ ಕಾಣದ ಈ ಹೊಲಗಳಿಗೆ ಅದು ಹೆಚ್ಚು ತೊಡಕಿಲ್ಲದೆ ಒಗ್ಗುತ್ತದೆ.

ಸರ್ಕಾರದ ಹಣದ ಅಳತೆಯನ್ನೂ ಒಮ್ಮೆ ನೋಡೋಣ. ಸಾವಯವ ಕೃಷಿ ನೀತಿಯನ್ನು 2004ರಷ್ಟು ಹಿಂದೆಯೇ ತಂದ ರಾಜ್ಯ ನಮ್ಮದು. ಕೇಂದ್ರದ ಪರಂಪರಾಗತ ಕೃಷಿ ವಿಕಾಸ ಯೋಜನೆಯಲ್ಲಿ ಹೆಕ್ಟೇರಿಗೆ ಮೂರು ವರ್ಷಕ್ಕೆ 31,500 ರೂಪಾಯಿ ನೆರವಿದೆ. ಅದರಲ್ಲಿ ಗೊಬ್ಬರ ಮುಂತಾದವಕ್ಕೆ ರೈತರ ಖಾತೆಗೆ ನೇರವಾಗಿ ಬರುವುದು 15,000. ಎಕರೆಗೆ ವರ್ಷಕ್ಕೆ ಎರಡು ಸಾವಿರ, ಮೇಲೆ ಹಿಡಿದ ದರದಲ್ಲಿ ಒಂದು ಟ್ರ್ಯಾಕ್ಟರ್ ಲೋಡ್ ಗೊಬ್ಬರಕ್ಕೂ ಸಾಲದು. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ನೈಸರ್ಗಿಕ ಕೃಷಿ ಮಿಷನ್ನಿನ ಒಟ್ಟು ಮೊತ್ತ 2,481 ಕೋಟಿ. ರಸಗೊಬ್ಬರದ ಸಬ್ಸಿಡಿ ವರ್ಷಕ್ಕೆ ಒಂದೂವರೆ ಲಕ್ಷ ಕೋಟಿಗೂ ಮೇಲೆ. ಹಾಗೆಂದು ಸಬ್ಸಿಡಿಯನ್ನು ಒಂದೇ ಏಟಿಗೆ ಕತ್ತರಿಸಿ ಎನ್ನುವವರು ಶ್ರೀಲಂಕಾವನ್ನು ನೆನೆಯಲಿ. 2021ರಲ್ಲಿ ರಸಗೊಬ್ಬರದ ಆಮದನ್ನು ಏಕಾಏಕಿ ನಿಷೇಧಿಸಿ, ಅದೇ ವರ್ಷ ನವೆಂಬರಿನಲ್ಲಿ ಆದೇಶ ಹಿಂತೆಗೆದುಕೊಂಡರೂ ಭತ್ತದ ಇಳುವರಿ ಕುಸಿಯಿತು. ಅಲ್ಲಿಯೂ ಕೊರತೆಯಾದದ್ದು ಬದಲಿ ಗೊಬ್ಬರವೇ.

ಇನ್ನೊಂದು ತೊಡಕಿದೆ, ಅದನ್ನು ಯಾವ ಕಾರ್ಯಾಗಾರದಲ್ಲೂ ಎತ್ತುವುದಿಲ್ಲ. ವಾರ್ಷಿಕ ಬೆಳೆಗೆ ಬಿತ್ತನೆಗೆ ಮುಂಚೆ ಎರಡು ವರ್ಷ, ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ ಕೊಯ್ಲಿಗೆ ಮುಂಚೆ ಮೂರು ವರ್ಷ ರಾಸಾಯನಿಕವಿಲ್ಲದೆ ಬೇಸಾಯ ಮಾಡಿದ ಮೇಲೆ ರಾಷ್ಟ್ರೀಯ ಮಾನದಂಡದ ಸಾವಯವ ಪ್ರಮಾಣಪತ್ರ ಸಿಗುತ್ತದೆ. ಈ ಪರಿವರ್ತನೆಯ ವರ್ಷಗಳಲ್ಲಿ ಇಳುವರಿ ಇಳಿದಿರುತ್ತದೆ, ಹೆಚ್ಚುವರಿ ಬೆಲೆಯೂ ಇರುವುದಿಲ್ಲ. ಸ್ವಂತ ಭೂಮಿಯವರು ಹೇಗೋ ತಾಳಿಕೊಳ್ಳಬಹುದು. ದಾವಣಗೆರೆ ಸುತ್ತಿನ ಮೆಕ್ಕೆಜೋಳ, ಭತ್ತದಲ್ಲಿ ಲಾವಣಿಗೆ (ಹಣದ ಗೇಣಿಗೆ), ಕೋರಿಗೆ (ಪಾಲಿಗೆ) ಮಾಡುವವರು ಎಷ್ಟೋ ಮಂದಿ. 1974ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಭೂಮಿಯನ್ನು ಗೇಣಿಗೆ ಕೊಡುವುದಕ್ಕೇ ಕಾನೂನಿನಲ್ಲಿ ಅವಕಾಶವಿಲ್ಲವಾದ್ದರಿಂದ ಈ ವ್ಯವಹಾರವೆಲ್ಲ ಬಾಯಿಮಾತಿನದ್ದು, ವರ್ಷದಿಂದ ವರ್ಷಕ್ಕೆ. ಯೋಜನೆಯ ಅರ್ಜಿಗೆ ಪಹಣಿ ಬೇಕು, ಪಹಣಿಯಲ್ಲಿ ಇವರ ಹೆಸರಿಲ್ಲ. ಕೆರೆ ಗೋಡು ಹೊಡೆಸಿ, ಕುರಿ ತರುಬಿಸಿ ಹೊಲವನ್ನು ಹದಕ್ಕೆ ತಂದರೆ ಮುಂದಿನ ಯುಗಾದಿಗೆ ಮಾಲೀಕರು ಲಾವಣಿ ಏರಿಸುತ್ತಾರೆ, ಇಲ್ಲವೇ ತಾವೇ ಮಾಡುತ್ತೇವೆ ಎನ್ನುತ್ತಾರೆ. ಈ ಹಂಗಾಮಿನಲ್ಲಿ ಹಾಕಿದ್ದು ಈ ಹಂಗಾಮಿನಲ್ಲೇ ಕೈಗೆ ಬರಬೇಕಾದವರು ಅಂಗಡಿಯ ಮುಂದೆ ಸಾಲು ನಿಂತು ಎರಡು ಚೀಲ ಯೂರಿಯಾ ತರುತ್ತಾರೆ.